ನಿಂತ ಪುಟದ ಮೇಲಿನ ಕನ್ನಡಕ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದನ್ನು ಹೇಳಬೇಕಾದವನು ನಾನಲ್ಲ. ನಮ್ಮ ಓದುಗರ ಗುಂಪಿನಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಿದ್ದಾರೆ, ಮಾತು ಬಲ್ಲವರಿದ್ದಾರೆ. ನಾನು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವನು. ಹತ್ತನೇ ತರಗತಿಯನ್ನೂ ಅದರ ಮೇಲಿನ ಎರಡು ವರ್ಷವನ್ನೂ ಸಂಜೆ ಶಾಲೆಯಲ್ಲಿ ಅರ್ಧ ತೂಕಡಿಸುತ್ತ ಮುಗಿಸಿದವನು. ಆದರೆ ಆ ಶನಿವಾರ ಮಧ್ಯಾಹ್ನ ಟೈಲರಮ್ಮನ ಬಾಗಿಲು ತಟ್ಟಿದ್ದು ನಾನೊಬ್ಬನೇ. ಒಳಗೆ ನಡೆದದ್ದನ್ನು ಇನ್ನು ಯಾರು ಹೇಳುತ್ತಾರೆ?

ಬಾಗಿಲು ತಟ್ಟಿದ ಕೈ ಕೆಳಗಿಳಿಯುವ ಮೊದಲೇ ಓಡಿಹೋಗೋಣ ಅನ್ನಿಸಿತು.

ಒಳಗೆ ಹೊಲಿಗೆ ಯಂತ್ರ ಓಡುತ್ತಿತ್ತು. ಅದು ನಿಂತಿತು.

"ಯಾರು?"

"ನಾನು ಮೇಡಂ... ಕನ್ನಡಕದ ಅಂಗಡಿಯವನು."

ಬಾಗಿಲು ಒಂದು ಗೇಣು ತೆರೆಯಿತು. ಕುತ್ತಿಗೆಯಲ್ಲಿ ಅಳತೆ ಟೇಪು, ಬೆರಳಿಗೆಲ್ಲ ಸೀಮೆಸುಣ್ಣ, ಮೂಗಿನ ಮೇಲೆ ನಮ್ಮದೇ ಅಂಗಡಿಯ ಕಂದು ಫ್ರೇಮು. ಟೈಲರಮ್ಮ ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದರು.

"ಏನಣ್ಣ, ಗಿರಾಕಿ ಅಂಗಡಿಗೆ ಬರೋದು ನಿಂತುಹೋಗಿ ಅಂಗಡಿನೇ ಗಿರಾಕಿ ಮನೆಗೆ ಬರೋಕೆ ಶುರುವಾಯ್ತಾ?"

"ಹಾಗಲ್ಲ ಮೇಡಂ. ಎರಡು ತಿಂಗಳಾದ ಮೇಲೆ ಸ್ಕ್ರೂ ಸಡಿಲ ಆಗುತ್ತೆ. ಬಿಗಿ ಮಾಡಿ ಕೊಡೋಣ ಅಂತ... ಉಚಿತ."

ಸುಳ್ಳು ಹೇಳಿದರೆ ನನ್ನ ಕಿವಿ ಕೆಂಪಾಗುತ್ತದೆ. ಅದು ನನಗೂ ಗೊತ್ತು, ನನ್ನ ಹೆಂಡತಿಗೂ ಗೊತ್ತು. ಟೈಲರಮ್ಮನಿಗೂ ಗೊತ್ತಾಯಿತೇನೋ.

"ಅಕ್ಕ ಮನೇಲಿಲ್ಲ," ಎಂದರು.

ನಾನು ಅಕ್ಕನ ವಿಷಯ ಎತ್ತಿಯೇ ಇರಲಿಲ್ಲ.

ಅಕ್ಕ ಅಂದರೆ ಟೈಲರಮ್ಮನ ಒಡಹುಟ್ಟಿದ ಅಕ್ಕ, ನಮ್ಮ ಗುಂಪಿನ ಟೈಪಿಸ್ಟಕ್ಕ. ನಾಲ್ಕು ವಾರದಿಂದ ಅವರನ್ನು ಯಾರೂ ಕಂಡಿಲ್ಲ. ಫೋನು ಮಾಡಿದರೆ ಎತ್ತುವುದಿಲ್ಲ. ಆದರೆ ಶನಿವಾರ ಶನಿವಾರ ಅವರ ಫೋಟೋ ಮಾತ್ರ ತಪ್ಪದೆ ಬರುತ್ತಿದೆ.

ಆ ಫೋಟೋದ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ನಾವು ಒಂಬತ್ತು ಜನ. ಭಾನುವಾರ ಸಂಜೆ ಐದಕ್ಕೆ ಫೋನಿನ ಪರದೆಯ ಮೇಲೆ ಸೇರುತ್ತೇವೆ, ಹಳೆಯ ದೊಡ್ಡ ಕಾದಂಬರಿಗಳನ್ನು ಓದುತ್ತೇವೆ. ಪರೀಕ್ಷೆಗಲ್ಲ, ಯಾರನ್ನೋ ಮೆಚ್ಚಿಸುವುದಕ್ಕಲ್ಲ, ಬರೀ ಖುಷಿಗೆ. ಈಗ ನಡೆಯುತ್ತಿರುವುದು ಆರುನೂರ ನಲವತ್ತು ಪುಟದ್ದು: ಒಬ್ಬ ಉಪ್ಪಿನ ವ್ಯಾಪಾರಿ, ಅವನ ಮೂವರು ಮಕ್ಕಳು, ಇಬ್ಬರು ಸೊಸೆಯರು. ಕಿರಿ ಸೊಸೆ ಒಂದು ದಿನ ಮನೆಯಲ್ಲಿರುವುದಿಲ್ಲ. ಹೇಗೆ ಹೋದಳು, ಎಲ್ಲಿಗೆ ಹೋದಳು ಎಂದು ಪುಸ್ತಕ ಹೇಳದೆ ಸತಾಯಿಸುತ್ತಿದೆ.

ಗುಂಪಿಗೆ ಇರುವುದು ಒಂದೇ ಕಟ್ಟುನಿಟ್ಟು. ಎಲ್ಲರಿಗಿಂತ ನಿಧಾನವಾಗಿ ಓದುವವರು ಎಲ್ಲಿ ನಿಂತಿದ್ದಾರೋ ಅಲ್ಲಿಯವರೆಗೆ ಮಾತ್ರ ಮಾತು. ಅದಕ್ಕಿಂತ ಮುಂದೆ ಯಾರೂ ಓದಬಾರದು, ಓದಿದರೂ ಬಾಯಿ ಬಿಡಬಾರದು. ಅದಕ್ಕಾಗಿ ಶನಿವಾರ ಪ್ರತಿಯೊಬ್ಬರೂ ತಾವು ನಿಂತ ಪುಟದ ಫೋಟೋ ಹಾಕಬೇಕು, ನಿಂತ ಸಾಲಿನ ಮೇಲೆ ಹೆಬ್ಬೆರಳಿಟ್ಟು. ನಾವು ಅದನ್ನು 'ನಿಂತ ಪುಟ' ಅನ್ನುತ್ತೇವೆ. ಒಂಬತ್ತರಲ್ಲಿ ಯಾವ ಪುಟದ ಅಂಕಿ ಸಣ್ಣದೋ ಅದೇ ಮರುದಿನದ ಗಡಿ.

ಟೈಪಿಸ್ಟಕ್ಕ ಯಾವಾಗಲೂ ಕೊನೆಯವರು. ಕೋರ್ಟಿನಲ್ಲಿ ಇಪ್ಪತ್ತಾರು ವರ್ಷದಿಂದ ಸಾಕ್ಷಿಗಳ ಮಾತನ್ನು ಹೇಳಿದ ಹಾಗೇ ಟೈಪು ಮಾಡುವವರು. ಓದುವಾಗಲೂ ಒಂದು ಅಕ್ಷರ ಬಿಡುವುದಿಲ್ಲ. ಆದರೂ ವಾರಕ್ಕೆ ಮೂವತ್ತು ಪುಟ ಆಗುತ್ತಿತ್ತು. ಈಗ ಮೂರು ವಾರದಿಂದ ಎರಡೆರಡೇ ಪುಟ. ಇನ್ನೂರ ಇಪ್ಪತ್ತು, ಇನ್ನೂರ ಇಪ್ಪತ್ತೆರಡು, ಇನ್ನೂರ ಇಪ್ಪತ್ತನಾಲ್ಕು. ಭಾನುವಾರ ಅವರ ಪರದೆ ಕಪ್ಪು; 'ಕಣ್ಣಿನ ಆಪರೇಷನ್ ಆಗಿದೆ, ಓದು ನಿಧಾನ, ನನಗಾಗಿ ಕಾಯಿರಿ' ಎಂಬ ಒಂದು ಸಾಲು.

ಬಸ್ಸು ಓಡಿಸುವ ಡ್ರೈವರಣ್ಣ ರೇಗಿಸಿದ್ದರು. "ಅಕ್ಕಾ, ಹಿಂದೆ ಎಂಟು ಗಾಡಿ ಹಾರನ್ ಹೊಡೀತಾ ನಿಂತಿವೆ, ಸ್ವಲ್ಪ ಪಕ್ಕಕ್ಕೆ ತಗೊಳ್ಳಿ."

ನರ್ಸಮ್ಮ ಮಾತ್ರ ನಗಲಿಲ್ಲ. "ಯಾವ ಆಸ್ಪತ್ರೇಲಿ ಆಯ್ತು ಅಂತ ಮೂರು ಸಲ ಕೇಳಿದೀನಿ. ಉತ್ತರಾನೇ ಇಲ್ಲ. ಆಪರೇಷನ್ ಆದೋರು ಹೆಸರು ಹೇಳೋಕೆ ಕಣ್ಣು ಬೇಕಾ?"

ನನಗೆ ಕಂಡದ್ದು ಬೇರೆ. ಮೂರು ಫೋಟೋಗಳಲ್ಲೂ ಹೆಬ್ಬೆರಳಿರಲಿಲ್ಲ. ಅದರ ಜಾಗದಲ್ಲಿ ಒಂದು ಕನ್ನಡಕ, ಕಾಲು ಮಡಚಿ ಪುಟದ ಮೇಲೆ ಕೂರಿಸಿದ್ದು. ಕಂದು ಫ್ರೇಮು. ಗಾಜಿನೊಳಗೆ ಕಾಣುವ ಅಕ್ಷರಗಳು ಹೊರಗಿನವಕ್ಕಿಂತ ಸಣ್ಣವು.

ಬೇರೆಯವರಿಗೆ ಅದು ಏನೂ ಅಲ್ಲ. ನನಗೆ ಅನ್ನ ಇಳಿಯಲಿಲ್ಲ.

ಟೈಪಿಸ್ಟಕ್ಕನದು ಹತ್ತಿರದ್ದು ಓದುವ ಕನ್ನಡಕ, ಪ್ಲಸ್ ಎರಡೂವರೆ. ಪ್ಲಸ್ ಗಾಜು ಅಕ್ಷರವನ್ನು ದೊಡ್ಡದು ಮಾಡುತ್ತದೆ. ಸಣ್ಣದು ಮಾಡುವುದು ಮೈನಸ್, ದೂರದ್ದು ಕಾಣದವರದು. ಅಲ್ಲದೆ ಅಕ್ಕನ ಕನ್ನಡಕ ಪುಟದ ಮೇಲೆ ಇರುವುದೇ ಅಸಾಧ್ಯ. ಅದು ಮೂಗಿನ ಮೇಲಿಲ್ಲದಿದ್ದರೆ ಅವರಿಗೆ ಪುಟವೂ ಕಾಣದು, ಫೋನೂ ಕಾಣದು.

ಹಾಗಾದರೆ ಫೋಟೋ ತೆಗೆದವರು ಬೇರೆ. ಇಲ್ಲವೇ, ಅಯ್ಯೋ, ತಪ್ಪು ನನ್ನದೇ. ಅಕ್ಕ ತಂಗಿ ಇಬ್ಬರೂ ಒಂದೇ ದಿನ ಬಂದು ಒಂದೇ ಬಗೆಯ ಫ್ರೇಮು ಆರಿಸಿದ್ದರು. ಎರಡು ಟ್ರೇ ಅಕ್ಕಪಕ್ಕ. ಗಾಜು ಅದಲುಬದಲು ಮಾಡಿ ಕೂರಿಸಿಬಿಟ್ಟೆನೇ? ನನ್ನ ಕೈಯಿಂದ ಆ ಹೆಂಗಸಿನ ಕಣ್ಣು ಕೆಟ್ಟಿತೇ?

ಅಂಗಡಿಯ ಯಜಮಾನರ ಮುಂದೆ ಆರ್ಡರ್ ಚೀಟಿ ಹಿಡಿದು ನಿಂತಿದ್ದೆ. ಅವರು ಕಣ್ಣೆತ್ತಲಿಲ್ಲ. "ತಪ್ಪು ಗಾಜು ಹಾಕಿದ್ರೆ ಆವಮ್ಮ ಅವತ್ತೇ ಬಂದು ನನ್ನ ಮುಖಕ್ಕೆ ಎಸೀತಿದ್ರು. ಎರಡು ತಿಂಗಳು ಸುಮ್ನಿರೋರಾ? ಹೋಗಯ್ಯ, ನಿನಗೆ ಗ್ರಹಚಾರ ಹುಡುಕೋದೇ ಕೆಲಸ."

ಹಾಗಾಗಿ ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಜೇಬಿನಲ್ಲಿ ಸಣ್ಣ ಸ್ಕ್ರೂಡ್ರೈವರ್ ಇಟ್ಟುಕೊಂಡು, ಈ ಬಾಗಿಲು.

"ನಿಮ್ಮದನ್ನೇ ನೋಡ್ತೀನಿ ಮೇಡಂ. ಒಂದೇ ನಿಮಿಷ," ಎಂದೆ.

ಟೈಲರಮ್ಮ ಒಳಗೆ ಬಿಟ್ಟರು. ಸಣ್ಣ ಕೋಣೆ. ಕಿಟಕಿಯ ಕೆಳಗೆ ಯಂತ್ರ, ನೆಲದ ಮೇಲೆ ನೀಲಿ ಶಾಲಾ ಅಂಗಿಗಳ ರಾಶಿ, ಕಾಲರು ಒಂದು ಕಡೆ, ತೋಳು ಒಂದು ಕಡೆ. ಗೋಡೆಯ ಮೊಳೆಗೆ ಕಾಗದದ ಅಳತೆಗಳು. ಮೂಲೆಯ ಸ್ಟೂಲಿನ ಮೇಲೆ ಆ ಪುಸ್ತಕ. ನಮ್ಮೆಲ್ಲರ ಬಳಿ ಇರುವ ಅದೇ ಮುದ್ರಣ.

ಕನ್ನಡಕ ಕೈಗೆ ಬಂತು. ಎಡಗಡೆಯ ಕೀಲಿನಲ್ಲಿ ಸ್ಕ್ರೂ ಇರಲಿಲ್ಲ. ಅಂಗಿ ಹೊಲಿಯುವ ನೀಲಿ ದಾರದಿಂದ ಬಿಗಿದು ಗಂಟು ಹಾಕಿತ್ತು.

"ಬಿದ್ದೋಯ್ತು. ನಿಮ್ಮ ಅಂಗಡಿ ತನಕ ಬರೋಕೆ ಯಾರಿಗಿದೆ ಪುರುಸೊತ್ತು? ನನ್ನ ದಾರ ನಿಮ್ಮ ಸ್ಕ್ರೂಗಿಂತ ಗಟ್ಟಿ ಬಿಡಿ."

ನಾನು ಅದನ್ನು ಕಿಟಕಿಯ ಸರಳಿನ ಎದುರು ತೋಳು ನೀಡಿ ಹಿಡಿದು ನಿಧಾನವಾಗಿ ಎಡಕ್ಕೆ ಬಲಕ್ಕೆ ಸರಿಸಿದೆ. ಯಂತ್ರವಿಲ್ಲದೆ ಗಾಜಿನ ಜಾತಿ ತಿಳಿಯುವ ಉಪಾಯ ಇದು. ಪ್ಲಸ್ ಆದರೆ ಗಾಜಿನೊಳಗಿನ ಸರಳು ಕೈಗೆ ಎದುರಾಗಿ ಓಡುತ್ತದೆ. ಮೈನಸ್ ಆದರೆ ಕೈಯ ಜೊತೆಗೇ ಬರುತ್ತದೆ.

ಸರಳು ನನ್ನ ಕೈಯ ಜೊತೆಗೇ ಬಂತು.

ಗಾಜು ಅದಲುಬದಲಾಗಿರಲಿಲ್ಲ. ನಾನು ತಪ್ಪು ಮಾಡಿರಲಿಲ್ಲ. ಒಂದು ಕ್ಷಣ ಎದೆ ಹಗುರಾಯಿತು. ಆಮೇಲೆ ಫೋನು ತೆಗೆದು ಹೋದ ವಾರದ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದೆ. ಎಡಗಡೆಯ ಕೀಲಿನಲ್ಲಿ ಕೂದಲು ಎಂದುಕೊಂಡಿದ್ದ ಗೆರೆ, ನೀಲಿ.

"ಮೇಡಂ, ಈ ಫೋಟೋ ನೀವೇ ತೆಗೆದದ್ದು."

ಟೈಲರಮ್ಮ ಕನ್ನಡಕಕ್ಕಾಗಿ ಕೈ ಚಾಚಿದರು. ನಾನು ಕೊಡಲಿಲ್ಲ. ಅಷ್ಟು ಧೈರ್ಯ ಎಲ್ಲಿಂದ ಬಂತೋ ತಿಳಿಯದು.

"ಕೊಡಿ ಅಣ್ಣ. ಅದಿಲ್ದೆ ನನಗೆ ನಿಮ್ಮ ಮುಖ ಕಾಣಲ್ಲ."

"ಅಕ್ಕ ಎಲ್ಲಿ?"

"ಆಪರೇಷನ್..."

"ಕಣ್ಣಿನ ಆಪರೇಷನ್ ಆದ ಗಿರಾಕಿ ಆರನೇ ವಾರಕ್ಕೆ ಹೊಸ ಗಾಜಿಗೆ ಬರ್ತಾರೆ ಅಂತ ಯಜಮಾನರಿಗೆ ಆಸ್ಪತ್ರೆಯಿಂದಲೇ ಫೋನು ಬರುತ್ತೆ. ಬಂದಿಲ್ಲ ಮೇಡಂ." ಇದು ಸುಳ್ಳು. ಈ ಸಲ ಕಿವಿ ಏನಾಯಿತೋ, ಆಕೆಗಂತೂ ಕಾಣುತ್ತಿರಲಿಲ್ಲ.

ಟೈಲರಮ್ಮ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕುಳಿತರು. ಸೀಮೆಸುಣ್ಣದ ಬೆರಳುಗಳನ್ನು ಒಂದಕ್ಕೊಂದು ಉಜ್ಜಿಕೊಂಡರು.

"ನೀವು ಆ ಗುಂಪಿನಲ್ಲಿ ಯಾರು?"

"ನಾನಾ? ನಾನು... ಕನ್ನಡಕದವನು. ಅಕ್ಕನೇ ನನ್ನನ್ನ ಸೇರಿಸಿದ್ದು. ಅಂಗಡಿಯಲ್ಲಿ ಯಂತ್ರದ ಹಿಂದೆ ಕೂತು ಸಂಜೆ ಶಾಲೆಯ ಪಾಠದ ಪುಸ್ತಕ ಓದ್ತಿದ್ದೆ. 'ಅದನ್ನ ಓದೋದು ಪರೀಕ್ಷೆಗೆ, ಇನ್ನೊಂದನ್ನ ಸುಮ್ನೆ ಓದಿ ನೋಡಿ' ಅಂದ್ರು. ಅರ್ಥ ಆಗಲ್ಲ ಅಕ್ಕಾ ಅಂದೆ. 'ಅರ್ಥ ಆಗ್ದಿದ್ರೆ ಆಗ್ಲಿಲ್ಲ ಅಂತ ಹೇಳಿ, ಯಾರು ಹೊಡೀತಾರೆ?' ಅಂದ್ರು."

ಟೈಲರಮ್ಮನ ಮುಖ ಸ್ವಲ್ಪ ಸಡಿಲವಾಯಿತು. "ಅವಳ ಮಾತೇ. ನನಗೂ ಹಾಗೇ ಹೇಳಿ ಹೇಳಿ ಮೂವತ್ತು ಪುಟ ಓದಿಸಿದಳು. ನಾನು ನಿದ್ದೆ ಮಾಡಿದೆ."

"ಅವರು ಚೆನ್ನಾಗಿದಾರಾ? ಅಷ್ಟು ಹೇಳಿ ಸಾಕು. ಎಲ್ಲಿ ಅಂತ ಬೇಡ."

ಟೈಲರಮ್ಮ ಕಾಲರೊಂದನ್ನು ಮಡಚಿ ರಾಶಿಗೆ ಹಾಕಿದರು. ಹೊರಗೆ ಬೀದಿಯಲ್ಲಿ ಯಾರೋ ಶಟರು ಎಳೆದರು.

"ಬುಧವಾರದ ತನಕ ಚೆನ್ನಾಗಿದ್ದಳು," ಎಂದರು ಟೈಲರಮ್ಮ. "ಬೂತಿನಿಂದ ಫೋನು ಮಾಡಿದ್ಲು. ಅವಳ ಫೋನು ಇಲ್ಲೇ ಇದೆ. ಪುಸ್ತಕಾನೂ ಬಿಟ್ಟು ಹೋದಳು. ಪ್ರತಿ ಶನಿವಾರ ಎರಡೇ ಪುಟ ಮುಂದೆ ಹೋಗು, ಫೋಟೋ ಹಾಕು, ಒಂದು ಪುಟಾನೂ ಜಾಸ್ತಿ ಹೋಗ್ಬೇಡ ಅಂದಳು. ಹೆಬ್ಬೆರಳು ಇಟ್ರೆ ಗುರುತು ಹಿಡೀತಾರೆ ಅಂತ ನಾನೇ ಕನ್ನಡಕ ಇಟ್ಟೆ. ಬುದ್ಧಿವಂತಿಕೆ ಮಾಡ್ದೆ ಅನ್ಕೊಂಡಿದ್ದೆ."

"ಎರಡೇ ಪುಟ ಯಾಕೆ?"

"ನಿಮ್ಮ ಗುಂಪಿಗೆ ಬ್ರೇಕು ಹಾಕೋಕೆ. ಕೊನೆಯವಳು ನಿಂತ್ರೆ ಎಲ್ರೂ ನಿಲ್ಲಬೇಕಂತಲ್ಲ. ಹದಿನೇಳನೇ ಅಧ್ಯಾಯಕ್ಕೆ ನೀವು ಯಾರೂ ಹೋಗಬಾರದು. ಅದು ಶುರು ಆಗೋದು ಇನ್ನೂರ ಮೂವತ್ತೊಂದರಲ್ಲಿ."

ನನಗೆ ತಲೆಬುಡ ತಿಳಿಯಲಿಲ್ಲ. ಕಾದಂಬರಿಯ ಒಂದು ಅಧ್ಯಾಯಕ್ಕೂ ಒಬ್ಬ ಹೆಂಗಸು ಮನೆ ಬಿಟ್ಟು ಹೋಗುವುದಕ್ಕೂ ಏನು ನಂಟು? ಹಾಗೆಂದು ಬಾಯಿಬಿಟ್ಟು ಕೇಳಿಯೇಬಿಟ್ಟೆ.

"ನನಗೂ ಮೊದಲು ಅರ್ಥ ಆಗ್ಲಿಲ್ಲ," ಎಂದರು ಟೈಲರಮ್ಮ. "ಒಂದು ಭಾನುವಾರ ನಿಮ್ಮ ಮಾತುಕತೆ ಮುಗಿಸಿ ಬಂದಳಲ್ಲ, ಮುಖದಲ್ಲಿ ರಕ್ತಾನೇ ಇಲ್ಲ. ಏನೇ ಅಂದ್ರೆ, 'ಗುಂಪಿನಲ್ಲಿ ಒಬ್ಬರು ಪುಸ್ತಕದಲ್ಲಿ ಇಲ್ಲದ್ದನ್ನ ಹೇಳಿದ್ರು' ಅಂದಳು. ಹೇಳಿದ್ರೆ ಹೇಳ್ಲಿ ಬಿಡೇ, ಅಂದೆ. ಮರುದಿನದಿಂದ ಎರಡು ದಿನ ರಜೆ ಹಾಕಿದಳು. ನನ್ನಕ್ಕ, ವಾರಕ್ಕೆ ಮೂವತ್ತು ಪುಟ ಓದೋಳು, ಎರಡು ದಿನದಲ್ಲಿ ಆರುನೂರ ನಲವತ್ತು ಪುಟ ಮುಗಿಸಿದಳು. ಊಟಕ್ಕೆ ಕರೆದ್ರೂ ಏಳಲಿಲ್ಲ. ಕೊನೇಗೆ ಪುಸ್ತಕ ಮುಚ್ಚಿ, 'ಇಲ್ಲ, ಎಲ್ಲೂ ಇಲ್ಲ' ಅಂದಳು."

ಗುಂಪಿನ ಕಟ್ಟುನಿಟ್ಟನ್ನು ಟೈಪಿಸ್ಟಕ್ಕ ಮುರಿದಿದ್ದರು. ಅದೇ ನನಗೆ ಮೊದಲ ಆಘಾತ. ನಾಚಿಕೆಯಾಗುತ್ತದೆ, ಆದರೆ ಹಾಗೇ ಆಯಿತು.

"ಏನು ಇಲ್ಲ?"

"ಆ ಮನುಷ್ಯ ಹೇಳಿದ್ದು. ಅದು ಪುಸ್ತಕದಲ್ಲಿಲ್ಲ ಅಣ್ಣ. ಅದು ಕೋರ್ಟಿನಲ್ಲಿತ್ತು." ಟೈಲರಮ್ಮ ದನಿ ತಗ್ಗಿಸಿದರು. "ಒಂದು ಕೇಸು. ಒಬ್ಬ ಹೆಂಗಸು ಕಾಣೆಯಾದದ್ದು. ಬಾಗಿಲು ಹಾಕಿಕೊಂಡು ಒಬ್ಬ ಹೆಣ್ಣು ಸಾಕ್ಷೀನ ವಿಚಾರಿಸಿದಾರೆ. ಜಡ್ಜು, ಇಬ್ಬರು ವಕೀಲರು, ಆ ಸಾಕ್ಷಿ, ಟೈಪು ಮಾಡೋಕೆ ನನ್ನಕ್ಕ. ಅಷ್ಟೇ ಜನ. ಪೇಪರಿಗೆ ಬಂದಿಲ್ಲ, ಪೊಲೀಸರ ಕಾಗದದಲ್ಲೂ ಇಲ್ಲ. ಆ ಮಾತೇ ನಿಮ್ಮ ಗುಂಪಿನಲ್ಲಿ ಒಬ್ಬರ ಬಾಯಲ್ಲಿ ಬಂತು. ಕಿರಿ ಸೊಸೆ ಹೀಗೆ ಹೋದಳು ಅಂತ."

"ಅಂದರೆ..."

"ಅಂದರೆ ಆ ಹೆಂಗಸು ಹೋದಾಗ ಆ ಮನೇಲಿದ್ದೋರು. ಇಲ್ಲ ಅಂದ್ರೆ ಇದ್ದೋರಿಗೆ ಬೇಕಾದೋರು. ಪಾಪ, ಓದಿ ಓದಿ ತಲೆಯೊಳಗೆ ಎರಡೂ ಕಲಸಿಹೋಗಿದೆ. ತಾವು ಕಂಡದ್ದನ್ನೇ ಓದಿದ್ದು ಅನ್ಕೊಂಡು ಹೇಳಿಬಿಟ್ಟಿದಾರೆ. ಹದಿನೇಳನೇ ಅಧ್ಯಾಯದಲ್ಲಿ ಕಿರಿ ಸೊಸೆ ಹೇಗೆ ಹೋದಳು ಅಂತ ಪುಸ್ತಕಾನೇ ಹೇಳುತ್ತಂತೆ. ಅದನ್ನ ಓದಿದ ದಿನ ಅವರಿಗೆ ಗೊತ್ತಾಗುತ್ತೆ, ಅಯ್ಯೋ, ಅವತ್ತು ಆಡಬಾರದ್ದು ಆಡಿದೆ ಅಂತ. ಕೇಳಿಸಿಕೊಂಡವಳು ಯಾರು ಅಂತಾನೂ ಗೊತ್ತಾಗುತ್ತೆ. ಆ ಸಾಕ್ಷಿ ಇನ್ನೊಂದು ಸಲ ಕೋರ್ಟಿಗೆ ಬರಬೇಕು, ಅಷ್ಟರೊಳಗೆ ಅವಳ ಬಾಯಿ ಮುಚ್ಚಿಸೋಕೆ ನೋಡ್ತಾರೆ ಅಂತ ಭಯ. ಅಲ್ಲೀವರೆಗೂ ಅಕ್ಕ ಅವಳ ಜೊತೆಗಿರ್ತಾಳೆ. ಎಲ್ಲಿ ಅಂತ ನನಗೂ ಹೇಳಿಲ್ಲ."

ಎಂಥ ತಪ್ಪು! ಪುಸ್ತಕ ಓದುವವರು ಮಾತ್ರ ಮಾಡಬಹುದಾದ ತಪ್ಪು. ನನ್ನ ಮನಸ್ಸು ಆಗಲೇ ಒಬ್ಬೊಬ್ಬರನ್ನೇ ಎದುರು ನಿಲ್ಲಿಸತೊಡಗಿತ್ತು. ಡ್ರೈವರಣ್ಣ? ಅವರಿಗೆ ಪಾತ್ರಗಳ ಹೆಸರೇ ನೆಟ್ಟಗೆ ನೆನಪಿರುವುದಿಲ್ಲ, ಕಲಸುವುದರಲ್ಲಿ ಎತ್ತಿದ ಕೈ. ನರ್ಸಮ್ಮ? ಯಾವ ಆಸ್ಪತ್ರೆ, ಯಾವ ಆಸ್ಪತ್ರೆ ಎಂದು ಅಷ್ಟು ಬೆನ್ನು ಹತ್ತಿದ್ದೇಕೆ, ಅಕ್ಕ ಇರುವ ಜಾಗ ತಿಳಿಯಬೇಕೆಂದೇ? ಗುಂಪು ನಡೆಸುವ ಲೈಬ್ರರಿ ಮೇಷ್ಟ್ರು? 'ಹೀಗಾದರೆ ಅಕ್ಕನನ್ನು ಬಿಟ್ಟು ಮುಂದೆ ಹೋಗೋಣ' ಎಂದು ಹೋದ ವಾರ ಮೊದಲು ಹೇಳಿದವರು ಅವರೇ.

"ಅದು ಯಾರು ಅಂತ ಅಕ್ಕ ಹೇಳಲಿಲ್ಲವಾ?"

"ಕೇಳಿದೆ. 'ನಿನಗೆ ಗೊತ್ತಾದ್ರೆ ನಿನ್ನ ಮುಖದ ಮೇಲೆ ಬರೆದಿರುತ್ತೆ, ಬೇಡ' ಅಂದಳು. ಆದ್ರೆ ಆಡಿದ ಮಾತನ್ನ ಅವತ್ತೇ ಟೈಪು ಮಾಡಿ ಇಟ್ಟಿದಾಳೆ. ಮಾತು ಮರೆತುಹೋಗಬಾರದು ಅಂತ. ಅಭ್ಯಾಸ ನೋಡಿ."

ನಾನು ಕನ್ನಡಕ ಹಿಂದಕ್ಕೆ ಕೊಟ್ಟೆ. ಆಕೆ ಹಾಕಿಕೊಂಡು, ಪುಸ್ತಕದ ಹಿಂದಿನ ರಟ್ಟಿನೊಳಗಿಂದ ಮಡಚಿದ ಒಂದು ಹಾಳೆ ತೆಗೆದರು. ಓದಲು ಮತ್ತೆ ಕನ್ನಡಕವನ್ನು ಹಣೆಗೇರಿಸಿದರು.

"ನೀವು ಅವತ್ತು ಗುಂಪಿನಲ್ಲಿದ್ರಲ್ಲ? ಕೇಳಿ. ಯಾರು ಹೇಳಿದ್ದು ಅಂತ ನೆನಪು ಮಾಡ್ಕೊಂಡು ಹೇಳಿ. ನನಗೆ ಗೊತ್ತಾಗಲೇಬೇಕು ಅಣ್ಣ, ಅವಳು ಒಬ್ಬಳೇ ಎಷ್ಟು ದಿನ ಅಂತ ಹೊರ್ತಾಳೆ?"

ಆಕೆ ಓದಿದರು, ಮಕ್ಕಳು ಓದುವ ಹಾಗೆ, ಪದ ಪದ ಬಿಡಿಸಿ.

"'ಹೋಗುವ ಮೊದಲು ಅವಳು ಊಟದ ಮೇಜಿನ ನಾಲ್ಕು ಕುರ್ಚಿಗಳನ್ನೂ ಗೋಡೆಯ ಕಡೆಗೆ ತಿರುಗಿಸಿದಳು. ಮೂರರ ಮೇಲೆ ಒಂದೊಂದು ಬೀಗದ ಕೈ ಇಟ್ಟಳು. ನಾಲ್ಕನೆಯದರ ಧೂಳು ಒರೆಸಿ ಹಾಗೇ ಬಿಟ್ಟಳು.'"

ನಾನು ಒಂದು ಹೆಜ್ಜೆ ಹಿಂದೆ ಸರಿದೆ.

ಆ ಭಾನುವಾರ ಕಣ್ಣ ಮುಂದೆ ಬಂತು. ಮೇಷ್ಟ್ರು ಎಲ್ಲರನ್ನೂ ಸರದಿಯಲ್ಲಿ ಮಾತಾಡಿಸುತ್ತಿದ್ದರು. ಇಷ್ಟು ದಿನದ ಓದಿನಲ್ಲಿ ನಿಮ್ಮ ಮನಸ್ಸಿನಲ್ಲಿ ನಿಂತದ್ದು ಯಾವುದು ಎಂಬುದು ಪ್ರಶ್ನೆ. ಒಬ್ಬರು ಈ ಕುರ್ಚಿಗಳ ವಿಷಯ ಹೇಳಿದರು. ಎಲ್ಲರೂ ಹೌದು ಹೌದು ಎಂದು ತಲೆಯಾಡಿಸಿದರು. ಡ್ರೈವರಣ್ಣ ಚಪ್ಪಾಳೆ ಕೂಡ ತಟ್ಟಿದರು. ಟೈಪಿಸ್ಟಕ್ಕ ಮಾತ್ರ ಪರದೆಯ ಹತ್ತಿರಕ್ಕೆ ಬಗ್ಗಿ, ಮೆಲ್ಲಗೆ, 'ಅದು ಯಾವ ಪುಟ?' ಎಂದು ಕೇಳಿದರು.

'ಗೊತ್ತಿಲ್ಲ ಅಕ್ಕಾ, ಗುರುತು ಹಾಕ್ಕೊಳ್ಳಲಿಲ್ಲ,' ಎಂಬ ಉತ್ತರ ಬಂದಿತ್ತು. ಒಂದು ನಗು ಕೂಡ.

"ಯಾರು ಅಣ್ಣ?" ಟೈಲರಮ್ಮ ಹಾಳೆಯ ಮೇಲಿಂದ ತಲೆಯೆತ್ತಿದರು. "ನೆನಪಾಯ್ತಲ್ಲ? ಹಿಂದೆ ಸರಿದ್ರಿ. ಯಾರು?"

ಡ್ರೈವರಣ್ಣ ಅನ್ನಬಹುದಿತ್ತು. ನೆನಪಿಲ್ಲ ಅನ್ನಬಹುದಿತ್ತು. ಕಿವಿ ಕೆಂಪಾದರೂ ಆ ಕೋಣೆಯಿಂದ ಹೊರಬೀಳಬಹುದಿತ್ತು. ಆದರೆ ಎಲ್ಲೋ ಒಂದು ಕಡೆ ಅಕ್ಕ ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಾರೆ.

"ನಾನು," ಎಂದೆ.

"ಏನು ನೀವು?"

"ಅದನ್ನ ಹೇಳಿದ್ದು ನಾನು, ಅಮ್ಮಾ."

ಹಣೆಯ ಮೇಲಿನ ಕನ್ನಡಕ ತಾನಾಗಿ ಮೂಗಿಗೆ ಇಳಿಯಿತು. ಟೈಲರಮ್ಮ ಎದ್ದು ನಿಂತರು. ಕತ್ತರಿ ಯಂತ್ರದ ಹಲಗೆಯ ಮೇಲಿತ್ತು. ಅವರ ಕೈ ಅದರ ಮೇಲೆ ಹೋಯಿತು, ಎತ್ತಲಿಲ್ಲ, ಅಲ್ಲೇ ಇತ್ತು.

"ಆಟ ಆಡ್ತಿದೀರಾ?"

"ಇಲ್ಲ."

"ಆ ಹೆಂಗಸು ನಿಮಗೆ ಏನಾಗಬೇಕು?"

"ಯಾವ ಹೆಂಗಸು ಅಂತಾನೇ ನನಗೆ ಗೊತ್ತಿಲ್ಲ. ಸತ್ಯವಾಗಿ. ಆ ಕೇಸೇ ನಾನು ಈಗ ಕೇಳ್ತಿರೋದು. ಅದು ಪುಸ್ತಕದ್ದು ಅಮ್ಮಾ, ನಾನು ಓದಿದೀನಿ. ಎಡಗಡೆ ಪುಟ, ಕೆಳಗಡೆ, ಪ್ಯಾರಾ ಮುಗಿಯೋ ಜಾಗ."

"ಪುಸ್ತಕದಲ್ಲಿಲ್ಲ ಅಂತ ಈಗ ತಾನೇ ಹೇಳಿದೆ!"

"ಅಕ್ಕನಿಗೆ ಕಣ್ಣು ತಪ್ಪಿರಬಹುದು..."

"ನನ್ನಕ್ಕನಿಗೆ?" ಅವರು ಪುಸ್ತಕವನ್ನು ನನ್ನ ಎದೆಗೆ ತಳ್ಳಿದರು. "ಹುಡುಕಿ. ಇಲ್ಲೇ ನಿಂತು ಹುಡುಕಿ. ಕೂತ್ಕೋಬೇಡಿ."

ನಿಂತೇ ಹುಡುಕಿದೆ. ಪ್ರತಿ ಪುಟದ ಮೇಲಿನ ಮೂಲೆಯಲ್ಲೂ ಪೆನ್ಸಿಲಿನ ಸಣ್ಣ ಗುರುತು. ಒಂದೊಂದು ಪುಟ ನೋಡಿ ಇಲ್ಲ ಎಂದು ಖಾತ್ರಿ ಮಾಡಿಕೊಂಡು ಅಕ್ಕ ಹಾಕಿದ್ದು. ಆರುನೂರ ನಲವತ್ತು ಗುರುತು. ನಾನು ಎಡಗಡೆಯ ಪುಟಗಳ ಕೆಳಭಾಗವನ್ನೆಲ್ಲ ನೋಡಿದೆ. ಊಟದ ಮೇಜು ಇತ್ತು, ಕುರ್ಚಿ ಇತ್ತು, ಬೀಗದ ಕೈಯ ಗೊಂಚಲು ಒಂದು ಕಡೆ ಅತ್ತೆಯ ಸೊಂಟದಲ್ಲಿತ್ತು. ಗೋಡೆಗೆ ತಿರುಗಿದ ಕುರ್ಚಿ ಎಲ್ಲೂ ಇರಲಿಲ್ಲ. ಎರಡು ಸಲ ತಿರುವಿದೆ. ಬಲಗಡೆಯ ಪುಟಗಳನ್ನೂ ನೋಡಿದೆ. ಆಮೇಲೆ, ಕಟ್ಟುನಿಟ್ಟು ಮುರಿದು, ಹದಿನೇಳನೇ ಅಧ್ಯಾಯವನ್ನೂ ಓದಿದೆ. ಕಿರಿ ಸೊಸೆ ಹಗಲಿನಲ್ಲಿ, ಮುಂಬಾಗಿಲಿನಿಂದ, ಮಗುವಿನ ಕೊಡೆ ಹಿಡಿದು, ಎಲ್ಲರೂ ನೋಡುತ್ತಿರುವಾಗಲೇ ನಡೆದು ಹೋಗುತ್ತಾಳೆ.

"ಸಿಕ್ತಾ?"

ತಲೆಯಲ್ಲಾಡಿಸಿದೆ.

ಟೈಲರಮ್ಮ ಬಾಗಿಲಿನ ಎರಡೂ ರೆಕ್ಕೆಗಳನ್ನು ಪೂರ್ತಿ ತೆರೆದರು, ಬೀದಿಗೆಲ್ಲ ಒಳಗೆ ಕಾಣುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿದರು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ.

"ನೀವು ಕೆಟ್ಟವರಾಗಿದ್ರೆ 'ನಾನು' ಅಂತ ಹೇಳ್ತಿರಲಿಲ್ಲ. ಅಥವಾ ಅದಕ್ಕೇ ಹೇಳಿದ್ರೋ ಏನೋ, ನಾನು ಹೀಗೆ ಅನ್ಕೊಳ್ಲಿ ಅಂತ. ನನಗೆ ತಲೆ ಕೆಟ್ಟುಹೋಗಿದೆ. ಒಂದೇ ಮಾತು ಕೇಳ್ತೀನಿ. ನಿಮಗೆ ಅದನ್ನ ಯಾರು ಹೇಳಿದ್ರು?"

"ಯಾರೂ..."

"ಯಾರೋ ಹೇಳಿದಾರೆ. ಬಾಯಿಂದ ಬಾಯಿಗೆ ಬಂದಿದೆ. ಕಣ್ಣು ಪರೀಕ್ಷೆಗೆ ಬಂದೋರು, ಗುಂಪಿನೋರು, ಪಕ್ಕದ ಮನೆಯೋರು. ನೆನಪು ಮಾಡ್ಕೊಳ್ಳಿ ಅಣ್ಣ. ಅಲ್ಲೀವರೆಗೂ ಅಕ್ಕನಿಗೆ ನಾನು ಏನಂತ ಹೇಳ್ಲಿ? ಅವಳು ಹೆದರಿಕೊಂಡಿರೋದು ನಿಮಗೆ."

ಅದನ್ನು ನಾನು ಅಲ್ಲಿಯವರೆ‌ಗೆ ಯೋಚಿಸಿರಲಿಲ್ಲ. ಅರ್ಥವಾಗದಿದ್ದರೆ ಆಗಲಿಲ್ಲ ಎಂದು ಹೇಳಿ, ಯಾರು ಹೊಡೆಯುತ್ತಾರೆ ಎಂದ ಆ ಅಕ್ಕ, ನಾಲ್ಕು ವಾರದಿಂದ ನನ್ನಿಂದ ತಪ್ಪಿಸಿಕೊಂಡು ಕೂತಿದ್ದಾರೆ.

ಅಂಗಡಿಗೆ ಎರಡು ಗಂಟೆ ತಡವಾಗಿ ಹೋದೆ. ಯಜಮಾನರು ಬೈದದ್ದು ಕಿವಿಗೆ ಬೀಳಲಿಲ್ಲ. ಮೂರು ಗಾಜು ಒಡೆದೆ. ಐದು ಗಂಟೆಗೆ ಟೈಪಿಸ್ಟಕ್ಕನ ನಿಂತ ಪುಟ ಬಂತು: ಇನ್ನೂರ ಇಪ್ಪತ್ತಾರು. ಕನ್ನಡಕದ ಬದಲು ಸಾಲಿನ ಮೇಲೆ ಒಂದು ಗುಂಡಿ ಇಟ್ಟಿತ್ತು, ಅಂಗಿಯದು, ನೀಲಿ. ಹಾಗಾದರೆ ಟೈಲರಮ್ಮ ಇನ್ನೂ ಬ್ರೇಕಿನ ಮೇಲೆ ಕಾಲಿಟ್ಟಿದ್ದಾರೆ. ನಾನು ಬಂದು ಹೋದದ್ದನ್ನು ಅಕ್ಕನಿಗೆ ಹೇಳಿದ್ದಾರೋ ಇಲ್ಲವೋ ತಿಳಿಯಲಿಲ್ಲ.

ತಡೆಯಲಾರದೆ ಡ್ರೈವರಣ್ಣನಿಗೆ ಫೋನು ಮಾಡಿದೆ. ಸುಮ್ಮನೆ ಕೇಳುವವನಂತೆ, ಆ ಕುರ್ಚಿಗಳ ವಿಷಯ ಪುಸ್ತಕದಲ್ಲಿ ಎಲ್ಲಿ ಬರುತ್ತದೆ ನೆನಪಿದೆಯೇ ಎಂದೆ.

"ಯಾಕಿಲ್ಲ ಮಾರಾಯ? ಚೆನ್ನಾಗಿ ನೆನಪಿದೆ. ನಾಲ್ಕು ಕುರ್ಚಿ, ಮೂರು ಬೀಗದ ಕೈ. ಎರಡು ಸಲ ಓದಿದೆ ಅದನ್ನ."

"ಯಾವ ಪುಟ?"

"ಪುಟ ಯಾರಿಗೆ ಗೊತ್ತು. ಎಡಗಡೆ. ಕೆಳಗಡೆ."

ಫೋನು ಇಟ್ಟೆ. ಅವರು ಓದಿದ್ದೋ, ಅಥವಾ ಆ ಭಾನುವಾರ ನನ್ನ ಬಾಯಿಂದ ಕೇಳಿ ಓದಿದೆನೆಂದುಕೊಂಡದ್ದೋ, ಅಥವಾ ಅದಕ್ಕೂ ಮೊದಲು ಅವರೇ ನನಗೆ ಹೇಳಿದ್ದೋ, ನನಗೆ ಹೇಳಲಾಗುವುದಿಲ್ಲ.

ಟೈಪಿಸ್ಟಕ್ಕ ಎಲ್ಲಿದ್ದಾರೆ ಎಂಬುದು ನನಗೆ ಗೊತ್ತಿಲ್ಲ. ಆ ಸಾಕ್ಷಿ ಯಾರು, ಕಾಣೆಯಾದ ಹೆಂಗಸು ಯಾರು, ನಾಲ್ಕನೇ ಕುರ್ಚಿಯ ಧೂಳು ಒರೆಸಿ ಹಾಗೇ ಬಿಟ್ಟದ್ದೇಕೆ, ಅದೂ ಗೊತ್ತಿಲ್ಲ. ಆ ಮೂರು ವಾಕ್ಯ ಈಗಲೂ ನನ್ನ ಕಣ್ಣಿಗೆ ಅಚ್ಚಾಗಿ ಕಾಣುತ್ತವೆ. ಅವು ನನ್ನೊಳಗೆ ಎಲ್ಲಿಂದ ಬಂದವು ಎಂಬುದು ಮಾತ್ರ, ಎಷ್ಟು ಹಿಂದಕ್ಕೆ ಹೋಗಿ ಹುಡುಕಿದರೂ, ನನಗೆ ಗೊತ್ತಿಲ್ಲ.